ಹಾಲಿನ ಕ್ಯಾನಿನಲ್ಲಿ ಮೂರು ಲೀಟರ್ ನೀರು

ನಮ್ಮ ಮೊದಲ ಮೊಮ್ಮಗನಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು ನಾನಲ್ಲ. ಹೇಳಿಕೊಳ್ಳುವಂಥ ಮಾತಲ್ಲ ಇದು. ಆದರೂ ಆ ಟೀಚರಮ್ಮನ ವಿಷಯ ಹೇಳಬೇಕೆಂದರೆ ಅಲ್ಲಿಂದಲೇ ಶುರು ಮಾಡಬೇಕು.

ನಮ್ಮ ಕಡೆ ಹಸುಗೂಸಿಗೆ ನೀರು ಹಾಕುವುದು ಅಜ್ಜಿಯ ಕೆಲಸ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮಂಡಿಯಿಂದ ಮೇಲಕ್ಕೆ ಎತ್ತಿ, ಎರಡು ಕಾಲನ್ನೂ ಮುಂದಕ್ಕೆ ನೀಡಿ, ಆ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳಬೇಕು. ಪಕ್ಕದಲ್ಲಿ ಒಬ್ಬರು ಹಂಡೆಯಿಂದ ಬಿಸಿನೀರು ತೋಡಿ ತೋಡಿ ಕೊಡುತ್ತಾರೆ. ನನ್ನ ಮಕ್ಕಳಿಗೆ ನಮ್ಮತ್ತೆ ಹಾಗೇ ಹಾಕಿದರು. ನಮ್ಮ ಸೊಸೆಗೆ ತಾಯಿ ಇಲ್ಲ. ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಆಯಿತು, ತಾಯಿಯ ಪಾಲಿನ ಕೆಲಸವೂ ನನ್ನ ಮೇಲೇ ಬಿತ್ತು. ನನಗೆ ಹಿಗ್ಗೋ ಹಿಗ್ಗು. ಗಂಡುಮಗು, ಕರ್ರಗೆ ಗುಂಡಗೆ, ನಮ್ಮ ಯಜಮಾನರ ಮೂಗು.

ಮೂರನೇ ದಿನ ನಡೆದದ್ದು ಇಷ್ಟು. ಕಂಬ ಹಿಡಿದುಕೊಂಡು ಹೇಗೋ ಮಣೆಯ ಮೇಲೆ ಕೂತೆ. ಕಾಲು ನೀಡಿದರೆ ಮಂಡಿ ನೆಲಕ್ಕೆ ಇಳಿಯಲೊಲ್ಲದು. ಡೊಂಕು ಕಾಲಿನ ಮೇಲೆಯೇ ಕೂಸನ್ನು ಹಾಕಿಕೊಂಡೆ. ಮೈಯೆಲ್ಲ ಎಣ್ಣೆ, ಮೇಲೆ ಸೀಗೆಪುಡಿ. ಕಾಲು ನಡುಗಿತು, ಕೂಸು ಜಾರಿತು. ನೀರು ತೋಡಿ ಕೊಡುತ್ತಿದ್ದ ಪಕ್ಕದ ಮನೆಯ ಗೌರಮ್ಮ ಚೊಂಬು ಬಿಸಾಕಿ ಕೂಸಿನ ರಟ್ಟೆ ಹಿಡಿದಳು. ಕೂಸಿಗೆ ಏನೂ ಆಗಲಿಲ್ಲ. ಅಳಲೂ ಇಲ್ಲ ಅದು. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು, "ಬುಡಿ ಅತ್ತೆ, ನಿಮ್ ಕೈಲಿ ಆಗಕಿಲ್ಲ. ಇನ್ಮ್ಯಾಕೆ ಗೌರಕ್ಕನೇ ಆಕ್ಲಿ. ನೀವು ಮಗೀನ ಎತ್ಕಳದೂ ಬ್ಯಾಡ."

ಮಾರನೇ ದಿನದಿಂದ ಗೌರಮ್ಮ ಬಂದು ನೀರು ಹಾಕಿದಳು. ನಾನು ಬಚ್ಚಲ ಬಾಗಿಲಲ್ಲಿ ಟವಲ್ಲು ಹಿಡಿದುಕೊಂಡು ನಿಂತೆ.

ನಮ್ಮದು ಕಂಪಲಾಪುರದ ಹತ್ತಿರ ಹೊಗೆಸೊಪ್ಪಿನ ಸಂಸಾರ. ಮದುವೆಯಾಗಿ ಬಂದಾಗಿನಿಂದ ನೆಲದ ಮೇಲೆ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟಿದ್ದೇ ಕಟ್ಟಿದ್ದು. ಐವತ್ತೈದರ ಸುಮಾರಿಗೆ ಮಂಡಿ ನೋವು ಬಂತು. ಮಗ ಹೇಳಿದ, "ಗೇಯ್ದಿದ್ದು ಸಾಕು ಕಣವ್ವ, ಕೂತ್ಕೊ." ಪ್ರೀತಿಯಿಂದಲೇ ಹೇಳಿದ. ನಾನೂ ಕೂತೆ. ಜಗಲಿಯ ಮೇಲೆ ಬೆಳಿಗ್ಗೆ ಕೂತರೆ ಊಟ ಅಲ್ಲಿಗೇ ಬರುತ್ತಿತ್ತು, ಕಾಫಿ ಅಲ್ಲಿಗೇ ಬರುತ್ತಿತ್ತು. ಮೂರು ವರ್ಷ ಕೂತೆ. ಅಷ್ಟರಲ್ಲಿ ಎರಡು ಮೆಟ್ಟಿಲು ಹತ್ತಿದರೆ ಕಮ್ಮಾರನ ತಿದಿಯ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ವಯಸ್ಸಾಯಿತು, ಇದು ಹೀಗೇ, ಅಂದುಕೊಂಡಿದ್ದೆ.

ಟೀಚರಮ್ಮ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದವರು. ಆಗ ತಾನೇ ರಿಟೈರಾಗಿ ಸ್ಕೂಲಿನ ಹಿಂದಿನ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮಡಿಕೇರಿ ಕಡೆಯವರಂತೆ. ಉದ್ದಕ್ಕೆ, ಒಣಕಲು ಮೈ, ತಲೆ ಪೂರಾ ಬೆಳ್ಳಗೆ. ಸೀರೆಯನ್ನು ಗೇಣುದ್ದ ಮೇಲಕ್ಕೆ ಉಟ್ಟು ಪಿನ್ನು ಹಾಕುತ್ತಿದ್ದರು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಸೀರೆಯ ಕೆಳಗೆ ಶೂ ನೋಡಿ ಸಂತೆಯಲ್ಲಿ ಹೆಂಗಸರು ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಕುತ್ತಿಗೆಯಲ್ಲಿ ಒಂದು ದಾರ, ಅದರ ತುದಿಯಲ್ಲಿ ವಿಷಲ್ಲು. ರಿಟೈರಾದ ಮೇಲೂ ಅದನ್ನು ತೆಗೆದಿರಲಿಲ್ಲ. ಊದಿದ್ದನ್ನೂ ನಾನು ಕಾಣೆ.

ಅವರ ಮನೆಗೆ ಹಾಲು ನಮ್ಮಿಂದಲೇ ಹೋಗುತ್ತಿತ್ತು. ಒಂದು ದಿನ ಮನೆಯಲ್ಲಿ ಯಾರೂ ಇಲ್ಲವೆಂದು ನಾನೇ ತೆಗೆದುಕೊಂಡು ಹೋದೆ. ಅವರ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡು, ಏಳುವುದಕ್ಕೆ ಗೋಡೆ ಹುಡುಕಿದೆ.

"ಎಷ್ಟು ವಯಸ್ಸಮ್ಮ ನಿಮಗೆ?" ಅಂದರು.

"ಅರವತ್ತು ಇರ್ಬೇಕು ಕಣವ್ವ. ಯಾರ್ ಬರ್ದಿಟ್ಟವ್ರೆ?"

"ನನಗೂ ಅಷ್ಟೇ." ಹಾಗೆಂದವರು ಹಾಲಿನ ಪಾತ್ರೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಕೂತವರು ಹಾಗೇ ಎದ್ದರು. ಕೈ ನೆಲಕ್ಕೆ ಊರಲಿಲ್ಲ, ಹಾಲು ತುಳುಕಲಿಲ್ಲ. "ಜಂಬಕ್ಕೆ ಮಾಡಿದ್ದಲ್ಲ. ನಿಮಗೆ ಗೊತ್ತಾಗಲಿ ಅಂತ."

ನನಗೆ ಅಳು ಬಂತು. ಹಾಲು ಕೊಡಲು ಬಂದವಳು ಮೂರು ವರ್ಷ ಜಗಲಿಯಲ್ಲಿ ಕೂತದ್ದು, ಬಚ್ಚಲ ಕತೆ, ಎಲ್ಲ ಅವರ ಮುಂದೆ ಹೇಳಿಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ಸೊಸೆಗೆ ಇನ್ನೊಂದು ಮಗು ಆಗುವ ಯೋಚನೆ ಉಂಟಾ ಅಂತ ಕೇಳಿದರು. ಇನ್ನೂ ಮೂರು ನಾಲ್ಕು ವರ್ಷ ಬ್ಯಾಡ ಅಂತವ್ಳೆ, ಅಂದೆ. "ಸಾಕು. ಮೂರು ವರ್ಷ ಕೂತು ಕೆಡಿಸಿಕೊಂಡಿದ್ದೀರಿ, ಮೂರು ವರ್ಷ ಬೇಕು. ನಾಳೆ?"

ಅವರ ಬಾಯಿಂದ ಆ ಒಂದು ಮಾತನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಶಭಾಷ್ ಅನ್ನುವವರಲ್ಲ, ಬೈಯುವವರಲ್ಲ. ದಿನದ ಕೊನೆಗೆ ನನ್ನ ಮುಖ ನೋಡಿ "ನಾಳೆ?" ಅನ್ನುವರು. ನಾನು "ನಾಳೆ" ಅನ್ನಬೇಕು. ಅನ್ನುವ ತನಕ ಬಾಗಿಲಿನಿಂದ ಕದಲುತ್ತಿರಲಿಲ್ಲ.

ಇಟ್ಟಿಗೆಯಿಂದ ಶುರು ಮಾಡಿಸಿದರು. ನಾಲ್ಕು ಇಟ್ಟಿಗೆ ಪೇರಿಸಿ, ಅದರ ಮೇಲೆ ಮಣೆ ಇಟ್ಟು, ಕೂತು ಏಳಿ ಅನ್ನುವರು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಅವರು ಮೂರು ಎಣಿಸುವರು, ಮೂರಕ್ಕೆ ಏಳಬೇಕು. ಸುಲಭವಾದಾಗ ಒಂದು ಇಟ್ಟಿಗೆ ತೆಗೆಯುವರು. ಮೊದಲನೇ ಇಟ್ಟಿಗೆ ತೆಗೆಯುವುದಕ್ಕೆ ಮೂರು ತಿಂಗಳಾಯಿತು. ರಾತ್ರಿ ತೊಡೆ ಸಿಡಿಯುತ್ತಿತ್ತು. ನಮ್ಮ ಯಜಮಾನರು, "ಏನಮ್ಮಿ, ಪಲ್ಟನ್ ಸೇರ್ಕತೀಯಾ?" ಅಂತ ಕಾಲೊತ್ತುತ್ತಲೇ ಗೇಲಿ ಮಾಡುವರು.

ನಡೆಯುವುದು ಇನ್ನೂ ಕಷ್ಟವಾಯಿತು, ಮಂಡಿಯಿಂದಲ್ಲ, ಊರಿನಿಂದ. ನಮ್ಮೂರಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ಹೊಲಕ್ಕೆ ನಡೆಯುತ್ತಾರೆ, ಬಸ್ಸಿಗೆ ನಡೆಯುತ್ತಾರೆ. ಎದುರಿಗೆ ಬಂದವರು "ಎತ್ಲಾಗೆ?" ಅಂತ ಕೇಳುತ್ತಾರೆ, ಅದಕ್ಕೆ ಒಂದು ಉತ್ತರ ಕೊಡಬೇಕು. ಬರಿಗೈಯಲ್ಲಿ, ಮುಂಜಾನೆ, ಬಿರಬಿರನೆ ಒಬ್ಬಳು ಮುದುಕಿ ಹೋಗುತ್ತಿದ್ದಾಳೆ ಅಂದರೆ ಅದಕ್ಕೆ ಒಂದೇ ಅರ್ಥ. ಯಾರೋ ಸತ್ತಿದ್ದಾರೆ.

ನಾನು ಮೊದಲನೇ ದಿನ ಕೆರೆ ಏರಿಯ ಕಡೆ ಹೊರಟೆ. ಗೌರಮ್ಮ ಕಸ ಗುಡಿಸುತ್ತಿದ್ದವಳು ನೋಡಿದಳು. ಪೊರಕೆ ಹಾಕಿ ಹಿಂದೆಯೇ ಓಡಿಬಂದಳು.

"ಅಕ್ಕ, ಯಾರೋದ್ರಕ್ಕ?"

ನನಗೆ ಏದುಸಿರು, ಮಾತು ಹೊರಡಲಿಲ್ಲ. ಕೈ ಆಡಿಸಿದೆ, ಯಾರೂ ಇಲ್ಲ ಅಂತ.

"ಅಯ್ಯೋ, ನಿಮ್ ತಮ್ಮನಾ?"

ಮತ್ತೆ ಕೈ ಆಡಿಸಿದೆ. ಅವಳು ಹೌದು ಅಂದುಕೊಂಡಳು. ಸೆರಗು ಬಾಯಿಗೆ ತುರುಕಿಕೊಂಡು, "ಮೊನ್ನೆ ಇನ್ನೂ ಅವರೆಕಾಯಿ ತಂದ್ಕೊಟ್ಟಿದ್ದ ನನ್ನಪ್ಪ" ಅಂತ ರಾಗ ತೆಗೆದಳು. ಹಿಂದೆ ಇನ್ನೂ ಇಬ್ಬರು ಸೇರಿಕೊಂಡರು. ಕೆರೆ ಏರಿ ಮುಟ್ಟುವಾಗ ನನ್ನ ತಮ್ಮ ಬದುಕಿದ್ದಾನೆ ಅಂತ ಹೇಳುವಷ್ಟು ಉಸಿರು ಬಂತು. ಗೌರಮ್ಮನಿಗೆ ಎಲ್ಲಿಲ್ಲದ ಕೋಪ. "ಯಾರೂ ಸಾಯ್ದೆ ಇದ್ಮೇಲೆ ಯಾಕಕ್ಕ ಇಂಗ್ ನಡೀತೀಯ?" ಅಂದಳು.

ಇದನ್ನು ಹೇಳಿದಾಗ ಟೀಚರಮ್ಮ ನಗಲಿಲ್ಲ. ಒಳಗಿನಿಂದ ಹಾಲಿನ ಕ್ಯಾನು ತಂದು ಕೈಗೆ ಕೊಟ್ಟರು. "ಇದನ್ನು ಹಿಡಿದುಕೊಂಡು ಹೋಗಿ. ಯಾರೂ ಕೇಳಲ್ಲ." ಸರಿಯಾಗಿತ್ತು ಆ ಮಾತು. ಕ್ಯಾನು ಹಿಡಿದವರನ್ನು ಯಾರು ಕೇಳುತ್ತಾರೆ, ಹಾಲಿಗೆ ಹೋಗುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ನಾನು ದಿನವೂ ಪಕ್ಕದೂರಿನ ಡೈರಿಯ ತನಕ ಹೋಗಿ ಹಿಂದಕ್ಕೆ ಬರತೊಡಗಿದೆ. ಹೋಗಿ ಬರುವುದಕ್ಕೆ ಮುಕ್ಕಾಲು ಗಂಟೆ. ಸ್ವಲ್ಪ ದಿನದ ಮೇಲೆ ಟೀಚರಮ್ಮ ಕ್ಯಾನಿಗೆ ಒಂದು ಲೀಟರು ನೀರು ಹಾಕಿದರು. ಆಮೇಲೆ ಎರಡು. ಯಾಕೆ ಅಂದರೆ, "ಖಾಲಿ ಕ್ಯಾನು ಸದ್ದು ಮಾಡುತ್ತೆ" ಅಂದರು. ನಾನು ನಂಬಿದೆ.

ಈ ನಡುವೆ ಅವರು ಒಂದು ಸಲ ನನ್ನನ್ನು ಗುರುಪುರದ ಕಡೆಗೆ ಕರೆದುಕೊಂಡು ಹೋಗಿದ್ದರು. ಅವರ ಶಿಷ್ಯೆಯೊಬ್ಬಳ ಮದುವೆ ಅಲ್ಲಿ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಅಲ್ಲೇ ಹತ್ತಿರದ ಟಿಬೆಟಿನವರ ಕ್ಯಾಂಪಿಗೆ ಹೋದೆವು. ಅಲ್ಲಿ ಮುದುಕ ಮುದುಕಿಯರೆಲ್ಲ ಮಣಿ ಎಣಿಸುತ್ತಾ ಗುಡಿಯ ಸುತ್ತ ಸುತ್ತುತ್ತಿದ್ದರು. ಬೆನ್ನು ಬಾಗಿದವರು, ಕೋಲು ಹಿಡಿದವರು, ಎಲ್ಲರೂ ತಮ್ಮ ಪಾಡಿಗೆ. ಟೀಚರಮ್ಮ ಬೇಲಿ ಹಿಡಿದುಕೊಂಡು ತುಂಬ ಹೊತ್ತು ನೋಡಿದರು.

"ನೋಡಿ, ಯಾರಾದರೂ 'ಎತ್ಲಾಗೆ' ಅಂತ ಕೇಳ್ತಾರಾ?"

"ದೇವರ ಹೆಸ್ರಲ್ಲಿ ನಡೀತಾವ್ರೆ ಬುಡಿ."

"ನೀವು ಮೊಮ್ಮಗುವಿನ ಹೆಸರಲ್ಲಿ ನಡೀರಿ."

ಡೈರಿಯ ರಾದ್ಧಾಂತ ಆಗಿದ್ದು ಆಮೇಲೆ. ನಮ್ಮೂರ ಡೈರಿಯ ಸೆಕ್ರೆಟರಿ ಒಂದು ದಿನ ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕೂತ. ಮುಖ ಊದಿಸಿಕೊಂಡಿದ್ದ. ನಮ್ಮ ಯಜಮಾನರಿಗೆ ಹೇಳಿದ, "ಅಲ್ಲ ಕಣ್ರೀ, ನಮ್ ಡೈರೀಲಿ ಏನ್ ಕಮ್ಮಿ ಆಗದೆ ನಿಮ್ಗೆ? ಅಮ್ಮೋರು ದಿನಾ ಕ್ಯಾನ್ ತಕಂಡು ಆ ಊರಿನ ಡೈರಿಗೋಯ್ತಾವ್ರಂತೆ. ಇಲ್ಲಿ ಅಳತೆ ಸರೀಗಿಲ್ಲ ಅಂತ ಊರೆಲ್ಲ ಮಾತಾಡ್ಕತಾವ್ರೆ."

ಯಜಮಾನರು ತಲೆ ತಗ್ಗಿಸಿದರು. ಅವರು ಊರಿಗೆ ಎರಡು ಬಗೆದವರಲ್ಲ. ಅಷ್ಟರಲ್ಲಿ ನಾನು ವಾಕಿಂಗು ಮುಗಿಸಿಕೊಂಡು ಬಂದೆ, ಕೈಯಲ್ಲಿ ಕ್ಯಾನು. ಸೊಸೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಿಗೆ ಬಂದಳು. ಸೆಕ್ರೆಟರಿ ಎದ್ದು ಬಂದು, "ಒಸಿ ಕೊಡಿ ಅಮ್ಮೋರೆ" ಅಂತ ಕ್ಯಾನು ಈಸಿಕೊಂಡು ಮುಚ್ಚಳ ತೆಗೆದ. ಬೆರಳು ಅದ್ದಿದ. ನೆಕ್ಕಿದ. ಮತ್ತೆ ಅದ್ದಿ ಬೆಳಕಿಗೆ ಹಿಡಿದ.

"ಆಲ್ಗೆ ನೀರ್ ಆಕೋರ್ನ ಕಂಡಿವ್ನಿ," ಅಂದ. "ಬರೀ ನೀರ್ನೇ ಡೈರಿಗೆ ಒತ್ಕಂಡೋಗೋರ್ನ ಇವತ್ತೇ ನೋಡ್ತಿರೋದು."

ಯಜಮಾನರು ನಕ್ಕ ನಗುವಿಗೆ ಬಾಯಲ್ಲಿದ್ದ ಎಲೆ ಅಡಿಕೆ ಅಂಗಳಕ್ಕೆ ಬಿತ್ತು. ಸೊಸೆ ನಗಲಿಲ್ಲ. "ಈ ವಯಸ್ನಲ್ಲಿ ಊರೋರ ಬಾಯಿಗ್ಯಾಕೆ ಬೀಳ್ಬೇಕು ಅತ್ತೆ" ಅಂದು ಒಳಗೆ ಹೋದಳು.

ಅವತ್ತು ಸಾಯಂಕಾಲ ಟೀಚರಮ್ಮನ ಮನೆಗೆ ಹೋಗಿ ಕ್ಯಾನು ಅವರ ಮುಂದೆ ಇಟ್ಟೆ. ಸಾಕು ನನಗಿದು, ಸುಸ್ತಾಯಿತು, ಅಂದೆ. ಬರೀ ಕಾಲಿನ ಸುಸ್ತಲ್ಲ ಅದು. ಅವರು ಕ್ಯಾನು ಎತ್ತಿ ತೂಗಿ ನೋಡಿದರು. "ಇದರಲ್ಲಿ ಈಗ ಎಷ್ಟು ನೀರಿದೆ ಗೊತ್ತಾ? ಮೂರು ಲೀಟರು. ಮೂರು ಲೀಟರು ನೀರು ಅಂದರೆ ಮೂರು ಕೆ.ಜಿ. ಹುಟ್ಟಿದ ಮಗು ಎಷ್ಟು ತೂಗುತ್ತೆ?"

ನಾನು ಕ್ಯಾನಿನ ಕಡೆ ನೋಡಿದೆ.

"ಅಷ್ಟನ್ನು ಹಿಡಿದುಕೊಂಡು ನೀವು ಎರಡು ತಿಂಗಳಿಂದ ನಡೀತಿದ್ದೀರಿ. ಒಂದು ದಿನವಾದರೂ ಕೈಯಿಂದ ಜಾರಿತಾ?"

ಕ್ಯಾನು ಎತ್ತಿಕೊಂಡು ಮನೆಗೆ ಬಂದೆ. "ನಾಳೆ?" ಅಂತ ಕೇಳಿದರು, "ನಾಳೆ" ಅಂದೆ.

ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಒಂದೇ ಸಲ. ಕಾಲಿಗೆ ಸ್ವಲ್ಪ ಬಲ ಬಂದು ನಾನೂ ಮತ್ತೆ ಹೊಗೆಸೊಪ್ಪಿನ ಕೆಲಸಕ್ಕೆ ಇಳಿದಿದ್ದೆ, ಹದಿನೈದು ದಿನ ಅವರ ಮನೆಗೆ ಹೋಗಿರಲಿಲ್ಲ. ಅವರೇ ನಮ್ಮ ಬ್ಯಾರನ್ ಹತ್ತಿರ ಬಂದರು. ಸೊಪ್ಪನ್ನು ಶಾಖಕ್ಕೆ ಬೇಯಿಸಿ ಒಣಗಿಸುವ ಆ ಎತ್ತರದ ಮನೆಯೊಳಗೆ ನೆಲದ ಮೇಲೆ ದಪ್ಪ ತಗಡಿನ ಪೈಪುಗಳಿರುತ್ತವೆ, ಒಲೆಯ ಶಾಖವೆಲ್ಲ ಅದರೊಳಗೆ ಹರಿಯುತ್ತದೆ. ಮಗ ಹಳೆಯ ಪೈಪುಗಳನ್ನು ಜೋಡಿಸುತ್ತಿದ್ದ. ಒಂದು ಪೈಪು ಹಿತ್ತಲಲ್ಲಿ ಮಳೆಗೆ ಬಿದ್ದಿದ್ದು, ಬೆರಳು ಒತ್ತಿದರೆ ತೂತಾಗುವಷ್ಟು ತುಕ್ಕು ಹಿಡಿದಿತ್ತು.

"ನಮ್ಗ್ಯಾಕೆ ಟೀಚರಮ್ಮ ವ್ಯಾಯಾಮ," ಅಂದೆ ನಾನು. "ಇಲ್ಲಿ ಗೇಯೋದು ಸಾಲ್ದಾ?"

"ನಾಲ್ಕು ತಿಂಗಳು ಎತ್ತಿನ ಹಾಗೆ ಗೇಯ್ದು, ಎಂಟು ತಿಂಗಳು ಈ ಪೈಪಿನ ಹಾಗೆ ಬಿದ್ದಿರ್ತೀರಿ." ಪೈಪಿಗೆ ಉಗುರು ಹಾಕಿ ಕೆರೆದರು, ಕೆಂಪು ಪುಡಿ ಉದುರಿತು. "ಇದು ಯಾಕೆ ಆಗುತ್ತೆ? ಗಾಳಿ. ಅದೇ ಗಾಳಿ ನಮ್ಮ ಮೈಯೊಳಗೂ ಹೋಗುತ್ತೆ. ಉಸಿರಿಲ್ಲದೆ ಬದುಕೋದಕ್ಕಾಗಲ್ಲ, ಆದರೆ ಅದೇ ಉಸಿರು ಒಳಗೆ ಚೂರು ಚೂರು ತುಕ್ಕು ಹಿಡಿಸುತ್ತೆ. ರಕ್ತನಾಳಕ್ಕೆ, ಎದೆಗೆ, ಮಂಡಿಗೆ. ಮುಪ್ಪು ಅನ್ನೋದರಲ್ಲಿ ಅರ್ಧ ಅದೇ."

ನಾನು ಕೇಳಿದೆ, "ಅಂಗಾದ್ರೆ ಬಿರಬಿರ್ನೆ ನಡದ್ರೆ ಉಸ್ರು ಜಾಸ್ತಿ ಎಳೀತೀವಿ. ತುಕ್ಕೂ ಜಾಸ್ತಿ ಆಗ್ಬೇಕಲ್ಲ?"

ಅವರ ಸಿಟ್ಟು ಅಲ್ಲಿಗೇ ಇಳಿಯಿತು. ನನ್ನನ್ನು ಒಂದು ಥರ ನೋಡಿದರು. "ಮೂರನೇ ಕ್ಲಾಸಿಗೆ ನಿನ್ನನ್ನು ಸ್ಕೂಲು ಬಿಡಿಸಿದವರು ಯಾರು?" ಅಂದರು. ಅವತ್ತಿನಿಂದ ನನ್ನನ್ನು ನೀನು ಅನ್ನತೊಡಗಿದರು. "ಆಗುತ್ತೆ, ಆ ಹೊತ್ತಿಗೆ ಜಾಸ್ತಿಯೇ ಆಗುತ್ತೆ. ಆದರೆ ಪೈಪು ಬರೀ ತಗಡು, ತನ್ನ ತುಕ್ಕು ತಾನು ತಿಕ್ಕಿಕೊಳ್ಳೋದಕ್ಕೆ ಅದಕ್ಕೆ ಬರಲ್ಲ. ಮೈಗೆ ಬರುತ್ತೆ. ದಿನಾ ಒಂದಿಷ್ಟು ಕೆಲಸ ಕೊಟ್ಟರೆ ಮೈ ತಿಕ್ಕೋ ಆಳುಗಳನ್ನು ಇಟ್ಟುಕೊಳ್ಳುತ್ತೆ. ನಿಮ್ಮ ಹಾಗೇನೇ. ಕೆಲಸ ಇದ್ದರೆ ತಾನೇ ಆಳು ನಿಲ್ಲೋದು? ಕೂತುಬಿಟ್ಟರೆ ಆಳು ಬಿಟ್ಟು ಹೋಗ್ತಾರೆ. ಒಂದೇ ದಿನ ಮೈ ಮುರಿದು ಗೇಯ್ದರೆ ಆಳೂ ಸುಸ್ತಾಗಿ ಮಲಗ್ತಾರೆ. ದಿನಾ, ಸ್ವಲ್ಪ. ಅಷ್ಟೇ ವಿದ್ಯೆ."

ಆಳಿನ ಮಾತು ನನಗೆ ಸರಿಯಾಗಿ ನಾಟಿತು. ಆಳು ಸಿಕ್ಕದ ಕಷ್ಟ ಹೊಗೆಸೊಪ್ಪಿನವರಿಗೆ ಗೊತ್ತು.

ಅವರಿಗೆ ಇಷ್ಟೊಂದು ಹಟ ಯಾಕೆ ಅಂತ ನನಗೆ ತುಂಬ ದಿನ ತಿಳಿದಿರಲಿಲ್ಲ. ಒಂದು ಸಂಜೆ ತಾವಾಗಿಯೇ ಹೇಳಿದರು. ಅವರ ಯಜಮಾನರು ಆಫೀಸಿನಲ್ಲಿ ಕೂತು ಕೆಲಸ ಮಾಡಿದವರು, ಮನೆಗೆ ಬಂದರೂ ಕುರ್ಚಿ. ಐವತ್ತು ದಾಟುತ್ತಲೇ ಮಲಗಿದವರು ಆರು ವರ್ಷ ಮಲಗಿಯೇ ಇದ್ದರಂತೆ. "ಊರ ಮಕ್ಕಳಿಗೆಲ್ಲ ಡ್ರಿಲ್ ಹೇಳಿಕೊಟ್ಟೆ, ಮನೆಯವರಿಗೆ ಹೇಳೋದಕ್ಕೆ ನನಗೆ ಸಂಕೋಚ. ನಾನು ಸ್ನಾನ ಮಾಡಿಸುವಾಗ ಅವರು ಕಣ್ಣು ಮುಚ್ಚಿಕೊಳ್ಳೋರು. ನಾಚಿಕೆಗೆ." ಆಮೇಲೆ ಹೇಳಿದರು, "ಮನುಷ್ಯ ಇನ್ನೊಬ್ಬರ ಕೈಯಿಂದ ನೀರು ಹಾಕಿಸಿಕೊಳ್ಳೋದು ಎರಡೇ ಸಲ ಇರಬೇಕು. ಹುಟ್ಟಿದಾಗ ಒಂದು, ಸತ್ತಾಗ ಒಂದು. ನಡುವೆ ಅವರವರ ನೀರು ಅವರವರೇ ಹಾಕಿಕೊಳ್ಳಬೇಕು."

ಮೂರನೇ ವರ್ಷಕ್ಕೆ ಕೊನೆಯ ಇಟ್ಟಿಗೆ ತೆಗೆದರು. ನೆಲದ ಮೇಲೆ ಬರೀ ಮಣೆ. ಕೂರುವುದು ಬಂತು, ಕಾಲು ನೀಡುವುದೂ ಬಂತು. ಏಳುವಾಗ ಮಾತ್ರ ಕೈ ತಾನಾಗಿ ನೆಲಕ್ಕೆ ಹೋಗುತ್ತಿತ್ತು. "ಕೈ," ಅನ್ನುವರು ಟೀಚರಮ್ಮ. ಮತ್ತೆ ಕೂರುತ್ತಿದ್ದೆ. "ಕೈ." ಮಗು ಹಿಡಿದವಳಿಗೆ ನೆಲಕ್ಕೆ ಊರುವುದಕ್ಕೆ ಮೂರನೇ ಕೈ ಎಲ್ಲಿಂದ ಬರಬೇಕು?

ಸೊಸೆಗೆ ತಿಂಗಳು ನಿಂತ ಸುದ್ದಿಯನ್ನು ಮೊದಲು ಅವರಿಗೇ ಹೇಳಬೇಕೆಂದು ಹೋದೆ. ಬಾಗಿಲು ಹಾಕಿತ್ತು. ಮೈಸೂರಿಗೆ ಆಸ್ಪತ್ರೆಗೆ ಹೋಗಿದ್ದಾರೆ ಅಂದರು. ಹತ್ತು ದಿನಕ್ಕೆ ವಾಪಸು ಬಂದರು. ಹೊಟ್ಟೆಯಲ್ಲಿ ಗಡ್ಡೆ, ಕೊಯ್ಯುವುದಕ್ಕೂ ಬರುವುದಿಲ್ಲವಂತೆ. ಊರು ಸುಮ್ಮನಿರುತ್ತದೆಯೇ? ಅಂಗಡಿಯ ಮುಂದೆ ಒಬ್ಬರು ನನಗೆ ಕೇಳುವ ಹಾಗೇ ಹೇಳಿದರು, "ಅಷ್ಟ್ ಓಡಾಡಿದ್ರೂ ಬುಡ್ತಾ? ಕೂತಿರೋ ನಾವೇ ಸಂದಾಗಿದ್ದೀವಿ."

ಆ ಮಾತು ನನ್ನನ್ನು ಕೊರೆಯಿತು. ತಡೆಯಲಾರದೆ ಅವರ ಹತ್ತಿರವೇ ಕೇಳಿಬಿಟ್ಟೆ. ಅವರಿಗೆ ಬೇಸರವಾಗಲಿಲ್ಲ.

"ತುಕ್ಕಿಗೆ ಮದ್ದುಂಟು ಅಂತ ಹೇಳಿದ್ದೆ. ಸಿಡಿಲಿಗೆ ಉಂಟು ಅಂತ ಹೇಳಿದ್ದೆನಾ?"

ಏಳು ತಿಂಗಳು ಇದ್ದರು. ಬರಬರುತ್ತಾ ಮೈ ಕಡ್ಡಿಯಾಯಿತು. ಆದರೂ ಬೆಳಿಗ್ಗೆ ಎದ್ದು ಮನೆಯೊಳಗೇ ಗೋಡೆಯಿಂದ ಗೋಡೆಗೆ ನಡೆಯುವರು. ಅಡುಗೆಗೆ ಬರುತ್ತಿದ್ದವಳು ನೀರು ಹಾಕುತ್ತೇನೆ ಅಂದರೆ ಬಚ್ಚಲ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳುವರು. ಮಣೆಯ ಸದ್ದು, ಚೊಂಬಿನ ಸದ್ದು ಕೇಳುತ್ತಾ ನಾವಿಬ್ಬರೂ ಹೊರಗೆ ಕಾಯುವೆವು. ಅರ್ಧ ಗಂಟೆಯಾದರೂ ಸರಿ, ತಾವೇ ಮಿಂದು ಬರುವರು.

ಕೊನೆಯ ಸಲ ಹೋದಾಗ ಮಂಚದ ಮೇಲಿದ್ದರು. ಮೂಲೆಯಲ್ಲಿದ್ದ ಶೂ ತೋರಿಸಿ, ಬಣ್ಣ ಹಚ್ಚು ಅಂದರು. ಸುಣ್ಣದ ಹಾಗಿರುವ ಆ ಬಿಳಿ ಬಣ್ಣವನ್ನು ನೀರಲ್ಲಿ ಕಲಸಿ ಬಟ್ಟೆಯಲ್ಲಿ ಹಚ್ಚಿ ಕಿಟಕಿಯಲ್ಲಿಟ್ಟೆ. ಆಮೇಲೆ ಮಣೆ ಹಾಕಿಕೊಂಡು ಕೂರು ಅಂದರು. ಕೂತೆ. ತುಟಿಯಲ್ಲೇ ಮೂರು ಎಣಿಸಿದರು. ಎದ್ದೆ. ನನ್ನ ಕೈ ನೆಲ ಸವರಿತು.

"ಕೈ," ಅಂದರು. ಕಣ್ಣು ಮುಚ್ಚಿಕೊಂಡರು. ಮತ್ತೆ ತೆರೆದು, "ನಾಳೆ?"

"ನಾಳೆ," ಅಂದೆ.

ನಾಳೆ ನಾನು ಹೋಗಲಿಲ್ಲ. ಬ್ಯಾರನ್ನಿಗೆ ಸೊಪ್ಪು ತುಂಬುವ ದಿನ, ಆಳು ಬರಲಿಲ್ಲ, ಸೊಸೆ ತುಂಬಿದ ಬಸುರಿ. ಸಂಜೆಯಾದರೂ ಹೋಗಬಹುದಿತ್ತು. ಸುಸ್ತಾಗಿದೆ ಅಂತ ಮಲಗಿದೆ. ಮಾರನೇ ದಿನ ಬೆಳಿಗ್ಗೆ ಅಡುಗೆಯವಳು ಬರಿಗೈಯಲ್ಲಿ ಬಿರಬಿರನೆ ನಮ್ಮ ಬೀದಿಯಲ್ಲಿ ನಡೆದು ಬರುತ್ತಿರುವುದು ಜಗಲಿಯಿಂದ ಕಂಡಿತು. ನಾನು ಯಾರು ಅಂತ ಕೇಳಲಿಲ್ಲ.

ಅವರ ಅಣ್ಣನ ಮಗ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಹೆಂಗಸರು ನೀರು ಹಾಕಬೇಕಿತ್ತು. ಊರಲ್ಲಿ ಅವರಿಗೆ ಬಂಧುಗಳಿಲ್ಲ. ಎರಡನೇ ನೀರನ್ನು ನಾನೇ ಹಾಕಿದೆ. ಕುತ್ತಿಗೆಯ ವಿಷಲ್ಲನ್ನು ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿದೆ. ಕಿಟಕಿಯಲ್ಲಿ ಶೂ ಒಣಗಿತ್ತು.

ಒಂದು ತಿಂಗಳು ನನಗೆ ಏನೂ ಬೇಡವಾಗಿತ್ತು. ಮಣೆ ನೋಡಿದರೆ ಸಂಕಟ. ಯಾರೂ ನಾಳೆ ಅಂತ ಕೇಳುವವರಿಲ್ಲ. ಮತ್ತೆ ಜಗಲಿಯ ಮೇಲೆ ಕೂತೆ. ನಮ್ಮ ಯಜಮಾನರು ಒಂದು ದಿನ ಬೆಳಿಗ್ಗೆ ಮಾತಿಲ್ಲದೆ ಕ್ಯಾನಿಗೆ ನೀರು ತುಂಬಿ ತಂದು ನನ್ನ ಪಕ್ಕ ಇಟ್ಟರು. "ಓಗಮ್ಮಿ, ಡೈರಿಗೆ ಒತ್ತಾಯ್ತು" ಅಂದರು. ಎದ್ದು ಹೋದೆ.

ಹೆಣ್ಣುಮಗು ಹುಟ್ಟಿತು. ಏನು ಹೇಳಲಿ ಅವಳ ವಿಷಯ, ಹೇಳಿದರೆ ಮುಗಿಯುವುದಿಲ್ಲ. ಕೈ ಮುಷ್ಟಿ ಬಿಗಿಹಿಡಿದುಕೊಂಡೇ ಬಂದವಳು, ನನ್ನ ಬೆರಳು ಸಿಕ್ಕಿದರೆ ಬಿಡುವವಳಲ್ಲ. ಆಸ್ಪತ್ರೆಯಿಂದ ಕರೆದುಕೊಂಡು ಬಂದ ದಿನ ಸೊಸೆ ಗೌರಮ್ಮನಿಗೆ ಹೇಳಿಕಳಿಸಿದ್ದಳು. ಗೌರಮ್ಮ ಬಂದು ಸೀರೆ ಎತ್ತಿ ಕಟ್ಟುತ್ತಿದ್ದಳು. ನಾನು ಬಚ್ಚಲೊಳಗೆ ಹೋಗಿ, ಕಂಬ ಮುಟ್ಟದೆ, ಮಣೆಯ ಮೇಲೆ ಕೂತು ಎರಡು ಕಾಲನ್ನೂ ನೀಡಿದೆ. ಮಂಡಿ ನೆಲಕ್ಕೆ ಅಂಟಿತು.

"ಕೊಡವ್ವ," ಅಂದೆ.

ಸೊಸೆ ಕೊಡಲಿಲ್ಲ. ನನ್ನ ಕಾಲು ನೋಡಿದಳು, ಮುಖ ನೋಡಿದಳು. ಅವಳದು ತಪ್ಪೇನಿಲ್ಲ, ತಾಯಿಯಾದವಳು ಮರೆಯುತ್ತಾಳೆಯೇ? ಗೌರಮ್ಮನೇ ಹೇಳಿದಳು, "ಕೊಡಮ್ಮಿ, ನಾನಿಲ್ಲೇ ಇವ್ನಿ. ಯಾರೂ ಸಾಯ್ದೇನೆ ನಡೆಯೋದ್ ಕಲ್ತವ್ಳೆ ನಮ್ಮಕ್ಕ, ಇದೇನ್ ಮಹಾ."

ಕೂಸನ್ನು ಕಾಲ ಮೇಲೆ ಹಾಕಿದಳು. ಎಣ್ಣೆ ಮೈ, ಬಿಸಿ ಮೈ. ಬೆನ್ನಿಗೆ ನೀರು ಹಾಕಿದೆ, ತಲೆಗೆ ಹಾಕಿದೆ, ಕಣ್ಣಿಗೆ ಬೀಳದ ಹಾಗೆ ಹಣೆಗೆ ಕೈ ಅಡ್ಡ ಹಿಡಿದು ಹಾಕಿದೆ. ಅವಳು ಅತ್ತಳು, ಬಚ್ಚಲು ತುಂಬುವಷ್ಟು ಅತ್ತಳು. ನಾನೂ ಅತ್ತೆ, ಹಬೆಯಲ್ಲಿ ಯಾರಿಗೂ ಕಾಣಲಿಲ್ಲ. ಕೊನೆಗೆ ಟವಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೆ. ಗೌರಮ್ಮ ಕೈ ಚಾಚಿದಳು, "ಕೊಡಕ್ಕ, ಕೊಟ್ಬುಟ್ಟು ಏಳು."

"ತಡಿ," ಅಂದೆ. ಎರಡು ಕಾಲು ಮಡಿಚಿಕೊಂಡೆ. ಮನಸ್ಸಿನಲ್ಲೇ ಮೂರು ಎಣಿಸಿದೆ, ಅವರು ಎಣಿಸುತ್ತಿದ್ದಷ್ಟೇ ನಿಧಾನಕ್ಕೆ. ಎದ್ದೆ. ಎರಡು ಕೈಯಲ್ಲೂ ಕೂಸಿತ್ತು.

ಆಮೇಲೆ ಮಧ್ಯಾಹ್ನದವರೆಗೂ ತೊಡೆ ನಡುಗುವುದು ನಿಲ್ಲಲಿಲ್ಲ. ಬೆನ್ನು ಎರಡಾದ ಹಾಗೆ ನೋವು. ಸಂತೋಷಕ್ಕೂ ಸುಸ್ತಾಗುತ್ತದೆ ಅಂತ ನನಗೆ ಅವತ್ತೇ ತಿಳಿದದ್ದು. ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಸೊಸೆ ಹಸಿ ಮೈಯಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತಳು. ಕೂಸು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು.

"ಗೌರಕ್ಕಂಗೆ ಬರೋದ್ ಬ್ಯಾಡ ಅಂದ್ಬುಡ್ಲಾ?" ಅಂದಳು. ನಾನು ತಲೆ ಎತ್ತಿದೆ. ಅವಳು ಮೆಲ್ಲಗೆ, "ನಾಳೆ, ಅತ್ತೆ?"

ಟೀಚರಮ್ಮನ ಮಾತು ಅವಳಿಗೆ ಗೊತ್ತಿಲ್ಲ. ಯಾರಿಗೂ ನಾನು ಹೇಳಿರಲಿಲ್ಲ.

"ನಾಳೆ," ಅಂದೆ.

ಅದಾಗಿ ನಾಲ್ಕು ತಿಂಗಳಾಯಿತು. ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆ ನರ್ಸಮ್ಮ ಬಂದು ಕೂಸನ್ನು ತೂಕ ಮಾಡಿದರು, ಆರು ಕೆ.ಜಿ. ಇನ್ನೂ ಬೆಳೆಯುತ್ತಾಳೆ. ಕ್ಯಾನಿಗೆ ನಾನು ಏಳನೇ ಲೀಟರು ಹಾಕಿಕೊಂಡಿದ್ದೇನೆ.